ಲಗ್ನಪತ್ರಿಕೆಯ ಆಕಾಶಬುಟ್ಟಿ: ಕೆಲಸ ಎಲ್ಲಿಗೆ ಬಂತು

ಆಕಾಶಬುಟ್ಟಿಯ ನಾಲ್ಕು ಮಗ್ಗುಲಲ್ಲಿ ಎರಡು ಕತ್ತರಿಸಿ ಮುಗಿಯಿತು. ಮೂರನೆಯದಕ್ಕೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಸ್ಟುಡಿಯೋ ಮುಂದೆ ತೂಗುಹಾಕಬೇಕು ಅಂತ ಆಸೆ.

ವಿನ್ಯಾಸ ಬೇಲೂರಿನದು. ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117ರದ್ದು. ಆದರೆ ನವರಂಗದ ಸುತ್ತ ಇರುವ ಜಾಲಂಧ್ರಗಳು, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳು, ಆಗ ಇರಲಿಲ್ಲ. ಮಂಟಪ ತೆರೆದೇ ಇತ್ತು, ಇವನ್ನು ಕೂಡಿಸಿದ್ದು ಎರಡನೇ ವೀರಬಲ್ಲಾಳನ ಕಾಲದಲ್ಲಿ. ಕೆಲವದರಲ್ಲಿ ಪುರಾಣದ ಕಥೆಗಳಿವೆ, ಉಳಿದವು ನಕ್ಷತ್ರ, ಬಳ್ಳಿ. ನಾನು ತೆಗೆದುಕೊಂಡದ್ದು ನಕ್ಷತ್ರದ್ದು.

ಆ ಕಲ್ಲಿನ ಮುಂದೆ ಸುಮ್ನೆ ನಿಂತು ನೋಡಿದರೆ ಕಾಗದ ಕತ್ತರಿಸುವವರಿಗೆ ಬೇಕಾದ ಪಾಠ ಅಲ್ಲೇ ಇದೆ. ಕಣ್ಣು ತೂತನ್ನು ನೋಡುತ್ತದೆ, ಕೈ ಮಾತ್ರ ಉಳಿಯುವ ಕಲ್ಲಿನ ಬಗ್ಗೆ ಯೋಚಿಸಬೇಕು. ಒಂದು ನಕ್ಷತ್ರಕ್ಕೂ ಪಕ್ಕದ್ದಕ್ಕೂ ನಡುವೆ ಕೊಂಡಿ ಇರಲೇಬೇಕು, ಇಲ್ಲದಿದ್ದರೆ ಉದುರಿಹೋಗುತ್ತದೆ. ನನ್ನ ಕಾಗದದಲ್ಲಿ ಆ ಕೊಂಡಿ ಅಕ್ಕಿಕಾಳಿನಷ್ಟು ದಪ್ಪ. ಅದಕ್ಕಿಂತ ಸಣ್ಣದಾದರೆ ಗಾಳಿಗೆ ತಡೆಯಲ್ಲ.

ಕಾಗದ ಪೂರ್ತಿ ಹಳೆಯ ಲಗ್ನಪತ್ರಿಕೆಗಳು. ಮೇಲೆ ಗಣಪತಿ ಚಿತ್ರ ಇರುವುದರಿಂದ ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲರ ಮನೆಯ ಬೀರುವಿನಲ್ಲೂ ಒಂದು ಕಟ್ಟು ಇರುತ್ತದೆ, ಅಲ್ವಾ? ಕೇಳಿದರೆ ಖುಷಿಯಿಂದ ಕೊಟ್ಟರು. ದಿನಪತ್ರಿಕೆ ಬಿಸಿಲಿಗೆ ಹಳದಿಯಾಗಿ ಮುರಿಯುತ್ತದೆ. ರಟ್ಟಿನ ಡಬ್ಬದ ಒಳಗಿನ ಅಲೆ ಬ್ಲೇಡಿಗೆ ನಲುಗಿ ಅಂಚು ಹರಿದಂತಾಗುತ್ತದೆ. ಲಗ್ನಪತ್ರಿಕೆಯ ಕಾಗದಕ್ಕೆ ಗಟ್ಟಿತನ ಇದೆ, ಅಂಚು ಚೊಕ್ಕವಾಗಿ ಬರುತ್ತದೆ. ಪ್ಲಾಸ್ಟಿಕ್ ಪದರ ಇರುವವು ಬೇಡ, ಮೈದಾ ಅಂಟು ಅದಕ್ಕೆ ಹಿಡಿಯಲ್ಲ. ಮೂಲೆಗೆ ಹಚ್ಚಿದ ಅರಿಶಿನವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮಗ್ಗುಲಿನ ಉದ್ದಕ್ಕೂ ಅಲ್ಲಲ್ಲಿ ಆ ಬಣ್ಣ ಕಾಣುತ್ತದೆ, ನನಗಂತೂ ತುಂಬಾ ಇಷ್ಟ.

ಕತ್ತರಿಸುವಾಗ ಒಳಗಿನ ಸಣ್ಣ ತೂತುಗಳು ಮೊದಲು, ದೊಡ್ಡವು ಆಮೇಲೆ, ಹೊರಗಿನ ಗೆರೆ ಕೊನೆಗೆ. ದೊಡ್ಡದನ್ನು ಮೊದಲೇ ತೆಗೆದರೆ ಕಾಗದ ಸಡಿಲವಾಗಿ ಅಲುಗಾಡುತ್ತದೆ. ನಕ್ಷತ್ರದ ಮೊನೆಯಲ್ಲಿ ಬ್ಲೇಡಿನ ತುದಿ ಊರಿ, ಅಲ್ಲಿಂದ ಎರಡೂ ಕಡೆಗೆ ಎಳೆಯಬೇಕು. ಆಗ ಗೆರೆ ಮೊನೆ ದಾಟಿ ಮುಂದೆ ಹೋಗುವುದಿಲ್ಲ. ತಿರುಗಬೇಕಾದದ್ದು ಕಾಗದ, ಕೈಯಲ್ಲ. ಕೆಳಗೆ ಹಳೆಯ ಕ್ಯಾಲೆಂಡರ್ ಹಾಳೆಗಳ ಕಟ್ಟು ಇಟ್ಟಿದ್ದೇನೆ; ಗಾಜಿನ ಮೇಲೆ ಬ್ಲೇಡು ಬೇಗ ಮೊಂಡಾಗುತ್ತದೆ. ಮುರಿದ ಬ್ಲೇಡಿನ ತುದಿಗಳೆಲ್ಲ ಖಾಲಿ ಮಾತ್ರೆ ಡಬ್ಬಿಗೆ.

ಮಳೆ ಹಿಡಿದ ದಿನ ಕತ್ತರಿಸುವುದಿಲ್ಲ. ಕಾಗದ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಬ್ಲೇಡು ಕತ್ತರಿಸುವ ಬದಲು ಎಳೆಯುತ್ತದೆ. ಅಂಥ ದಿನ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಇದೇ ನಕ್ಷತ್ರವನ್ನು ರಂಗೋಲಿ ಅಚ್ಚಾಗಿ ಕೊರೆಯುತ್ತೇನೆ. ಮಥುರಾ, ವೃಂದಾವನದ ಕಡೆ ಸಾಂಝಿ ಅಂತ ಹೀಗೇ ಕಾಗದ ಕೊರೆದು ಬಣ್ಣದ ಪುಡಿ ಉದುರಿಸುತ್ತಾರೆ. ಎಕ್ಸ್‌ರೇ ಹಾಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬಳಸಬಹುದು.

ಇನ್ನು ಉಳಿದದ್ದು ಮೂರನೇ ಮಗ್ಗುಲು, ಹಿಂದಿನ ಬಟರ್ ಪೇಪರ್, ಒಳಗೆ ಸಣ್ಣ ಎಲ್‌ಇಡಿ ಬಲ್ಬು. ನಾಲ್ಕನೇ ಮಗ್ಗುಲು ಭಾನುವಾರ ಬರುವ ಮಕ್ಕಳದ್ದು. ಚಿಕ್ಕವರು ಕಾಗದ ಮಡಚಿ ಕತ್ತರಿಯಲ್ಲಿ ಕತ್ತರಿಸಲಿ, ದೊಡ್ಡವರಿಗೆ ಮಾತ್ರ ಬ್ಲೇಡು. ವಿನ್ಯಾಸ ಅವರಿಷ್ಟ, ಕೊಂಡಿ ಮಾತ್ರ ಬಿಡಬಾರದು ಅಂತ ಹೇಳಿದ್ದೇನೆ.