ಚೀಲ ಕಟ್ಟಿ ಬೆಟ್ಟ ಹತ್ತಿದ್ದು

ಊರು ದಾಟಿ ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಮುಂದಿದ್ದ ಅಕ್ಕ ಇಂಡಿಕೇಟರ್ ಹಾಕಿ ಬೈಕನ್ನು ರಸ್ತೆ ಬದಿಗೆ ಇಳಿಸಿದಳು. "ಇಳಿ, ಪಟ್ಟಿ ಮುಟ್ಟಿ ನೋಡು" ಎಂದಷ್ಟೇ ಹೇಳಿ ತನ್ನ ಬೈಕಿನ ಹಿಂಭಾಗಕ್ಕೆ ಹೋದಳು. ಬೆಳಗ್ಗೆ ಬೆರಳಿಂದ ಮೀಟಿದರೂ ಅಲುಗದಂತಿದ್ದ ನನ್ನ ಟೈಲ್ ಬ್ಯಾಗಿನ (ಹಿಂದಿನ ಸೀಟಿನ ಮೇಲೆ ಕಟ್ಟಿದ ಚೀಲದ) ಪಟ್ಟಿಯೊಳಗೆ ಈಗ ಎರಡು ಬೆರಳು ತೂರುತ್ತಿದ್ದವು.

ಎಷ್ಟೇ ಜಗ್ಗಿ ಕಟ್ಟಿದರೂ ಮೊದಲ ಅರ್ಧ ಗಂಟೆಯಲ್ಲಿ ಹೀಗೆ ಆಗುವುದೇ. ಎಂಜಿನ್ನಿನ ನಡುಕಕ್ಕೂ ರಸ್ತೆಯ ಕುಲುಕಾಟಕ್ಕೂ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಒಳಗೊಳಗೇ ಕೂತು ಚೀಲ ಕುಗ್ಗುತ್ತದೆ. ಒಮ್ಮೆ ನಿಂತು ಮತ್ತೆ ಬಿಗಿದರೆ ಆಮೇಲೆ ಸಂಜೆಯವರೆಗೆ ಹೆಚ್ಚು ಕಾಟವಿಲ್ಲ. ಮಳೆ ಬಂದರೆ ಮಾತ್ರ ಇನ್ನೊಮ್ಮೆ ನೋಡಬೇಕು: ನೈಲಾನ್ ಪಟ್ಟಿ ನೀರು ಕುಡಿದು ಹಿಗ್ಗುತ್ತದೆ, ಪಾಲಿಯೆಸ್ಟರ್ ಪಟ್ಟಿ ಅಷ್ಟಾಗಿ ಹಿಗ್ಗುವುದಿಲ್ಲ. ಬಿಗಿದ ಮೇಲೆ ಉಳಿದ ತುದಿಗಳನ್ನು ಅಕ್ಕ ಸುರುಳಿ ಸುತ್ತಿ ಪಟ್ಟಿಯ ಕೆಳಗೇ ಸಿಕ್ಕಿಸಿದಳು. ನೇತಾಡುವ ತುದಿ ಚೈನಿಗೋ ಚಕ್ರಕ್ಕೋ ಸಿಕ್ಕರೆ ಹಿಂದಿನ ಚಕ್ರವೇ ಲಾಕ್ ಆಗಬಹುದು. ಈ ವಿಷಯದಲ್ಲಿ ಅವಳು ಯಾರಿಗೂ ಸಲಿಗೆ ಕೊಡುವುದಿಲ್ಲ, ಕೊಡಲೂಬಾರದು.

ಬೆಟ್ಟದ ಮೇಲೆ ಡೇರೆ ಹಾಕಿ ಮಲಗಿ, ಆಚೆ ಬದಿಯ ಕಾಡುದಾರಿಯಲ್ಲಿ ಇಳಿದು, ಹಳ್ಳ ದಾಟಿ ಹಿಂತಿರುಗುವುದು ನಮ್ಮ ಯೋಜನೆ. ಅರ್ಧಕ್ಕರ್ಧ ದಾರಿ ಜಲ್ಲಿ ಮತ್ತು ಕೆಸರು. ಅದಕ್ಕೆಂದೇ ಇಬ್ಬರ ಬೈಕಿಗೂ ಅಲ್ಯುಮಿನಿಯಂ ಪೆಟ್ಟಿಗೆಯ ಬದಲು ಬಟ್ಟೆಯ ಚೀಲಗಳನ್ನು ಕಟ್ಟಿದ್ದೆವು: ಹಿಂದಿನ ಸೀಟಿನ ಎರಡೂ ಬದಿಗೆ ಸ್ಯಾಡಲ್ ಬ್ಯಾಗ್, ಸೀಟಿನ ಮೇಲೆ ಅಡ್ಡಲಾಗಿ ನೀರು ಒಳಹೋಗದ ಉರುಟು ಡ್ರೈ ಬ್ಯಾಗ್, ಮುಂದೆ ಸಣ್ಣದೊಂದು ಟ್ಯಾಂಕ್ ಬ್ಯಾಗ್. ಪೆಟ್ಟಿಗೆಗೆ ಬೀಗ ಹಾಕಬಹುದು, ಒಳಗಿನದನ್ನು ಥಟ್ಟನೆ ತೆಗೆಯಬಹುದು, ನಿಜ. ಬಟ್ಟೆಯ ಚೀಲಕ್ಕೆ ಬೀಗದ ಭದ್ರತೆ ಇಲ್ಲ. ಆದರೆ ಅದು ಹಗುರ, ಬೈಕಿನ ಅಗಲವನ್ನು ಅಷ್ಟು ಹೆಚ್ಚಿಸುವುದಿಲ್ಲ. ಜಲ್ಲಿಯಲ್ಲಿ ಬಿದ್ದಾಗ ಕಾಲು ಚೀಲದ ಕೆಳಗೆ ಸಿಕ್ಕರೂ ಪೆಟ್ಟಿಗೆಯ ಅಂಚಿನಂತೆ ಮೂಳೆಯ ಮೇಲೆ ಹೇರಿಕೊಳ್ಳುವುದಿಲ್ಲ. ನನಗೆ ಈ ಕೊನೆಯ ಕಾರಣ ಒಂದೇ ಸಾಕು.

ಹಿಂದಿನ ಸಂಜೆಯೆಲ್ಲ ಕಳೆದದ್ದು ತೂಕದ ಲೆಕ್ಕದಲ್ಲಿ. ಬೈಕಿನ ಕೈಪಿಡಿಯಲ್ಲಿ ಒಟ್ಟು ಎಷ್ಟು ತೂಕ ಹೊರಬಹುದು ಎಂದು ಬರೆದಿರುತ್ತದೆ. ಅದರಲ್ಲಿ ಪೆಟ್ರೋಲ್ ತುಂಬಿದ ಬೈಕಿನ ತೂಕ ಕಳೆದರೆ ಸಿಗುವುದು ಸವಾರ ಮತ್ತು ಸಾಮಾನು ಎರಡರ ಪಾಲು. ಉದಾಹರಣೆಗೆ ಮಿತಿ 350 ಕಿಲೋ, ಬೈಕು 190 ಕಿಲೋ ಎಂದಿಟ್ಟುಕೊಳ್ಳಿ. ಉಳಿದದ್ದು 160. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ಸವಾರ 90 ಕಿಲೋ ತೂಗಿದರೆ ಸಾಮಾನಿಗೆ 70. ಆದರೆ ಆ 70 ಕಿಲೋವನ್ನೂ ಸೀಟು, ಸಾಮಾನು ಹೊರುವ ಹಿಂದಿನ ಚೌಕಟ್ಟಾದ ಸಬ್‌ಫ್ರೇಮ್ ಮೇಲೆ ಹೇರುವಂತಿಲ್ಲ, ಅದರ ಮಿತಿ ಇನ್ನೂ ಕಡಿಮೆ. ನಾವು ಡೇರೆಯ ಗೂಟಗಳನ್ನೂ ತಕ್ಕಡಿಗೆ ಹಾಕಿದೆವು.

ಎಷ್ಟು ತೂಕ ಎಂಬುದು ಗೊತ್ತಾದ ಮೇಲೆ ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ. ನನ್ನ ಅನುಭವದಲ್ಲಿ ಬೈಕಿನ ನಡೆ ಬದಲಾಗುವುದು ಮುಖ್ಯವಾಗಿ ಇಲ್ಲೇ. ಭಾರ ಹಿಂದಿನ ಅಚ್ಚಿಗಿಂತ ಆಚೆಗೆ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಹಾಗಾಗಿ ಉಪಕರಣ, ಅಡುಗೆ ಪಾತ್ರೆ, ನೀರಿನಂಥ ಭಾರದವು ಸ್ಯಾಡಲ್ ಬ್ಯಾಗಿನ ತಳಕ್ಕೆ, ಸವಾರನ ಕಡೆಯ ಮೂಲೆಗೆ ಹೋದವು; ಸ್ಲೀಪಿಂಗ್ ಬ್ಯಾಗ್, ಬಟ್ಟೆಯಂಥ ಹಗುರದವು ಮೇಲಿನ ಉರುಟು ಚೀಲಕ್ಕೆ. ಸ್ಟವಿನ ಇಂಧನದ ಬಾಟಲಿಯನ್ನು ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಊಟದ ಸಾಮಾನಿನಿಂದ ದೂರ, ಹೊರಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿದೆವು. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಅದನ್ನು ಮೊದಲೇ ಅದುಮಿಡುವ ಬಿಗಿ, ಏರಿಸಿ, ಟೈರಿಗೆ ಪೂರ್ತಿ ಹೊರೆಗೆ ಹೇಳಿದಷ್ಟು ಗಾಳಿ ತುಂಬಿದೆವು. ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ, ಎದುರು ಬರುವವರ ಕಣ್ಣು ಕುಕ್ಕುತ್ತದೆ. ಅದನ್ನೂ ಗೋಡೆಗೆ ಬೆಳಕು ಬಿಟ್ಟು ಸರಿಮಾಡಿದ್ದಾಯಿತು.

ಸೈಲೆನ್ಸರ್ ಕಡೆಯ ಚೀಲಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ನೈಲಾನ್‌ನ ಸಾಮಾನ್ಯ ಬಗೆಯೊಂದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಬೈಕು ನಿಂತಿರುವಾಗ ಚೀಲಕ್ಕೂ ಕೊಳವೆಗೂ ನಡುವೆ ಅಂತರ ಕಂಡರೆ ಸಾಲದು. ಅಕ್ಕ ನನ್ನನ್ನು ಸೀಟಿನ ಮೇಲೆ ಕೂರಿಸಿ, "ಜೋರಾಗಿ ಕುಕ್ಕು, ಇನ್ನೂ ಜೋರಾಗಿ" ಎನ್ನುತ್ತ ತಾನು ಕೆಳಗೆ ಬಗ್ಗಿ ನೋಡಿದಳು. ಸಸ್ಪೆನ್ಷನ್ ಪೂರ್ತಿ ತಗ್ಗಿದಾಗ ಚಕ್ರವೂ ಕೊಳವೆಯೂ ಚೀಲವನ್ನು ಮುಟ್ಟಬಾರದು. ಬದಿಗೆ ಓಲಾಡದಂತೆ ತಡೆಯಲು ಕಬ್ಬಿಣದ ಸಣ್ಣ ರ‍್ಯಾಕ್, ಅದರ ಮೇಲೆ ಕೊಳವೆಯ ಶಾಖ ತಡೆಯುವ ತಗಡು. ಕೆಳಪಟ್ಟಿಯನ್ನು ಕಾಲಿಡುವ ಫುಟ್‌ಪೆಗ್ಗಿನ ಬ್ರ್ಯಾಕೆಟ್ಟಿಗೆ ಎಳೆದು ಕಟ್ಟಿದ ಮೇಲೆ ಚೀಲ ಬೈಕಿನ ಜೊತೆಗೇ ಕುಣಿಯಿತು, ತಾನೇ ಬೇರೆಯಾಗಿ ಕುಣಿಯಲಿಲ್ಲ.

ಬೆಟ್ಟದ ತಿರುವುಗಳು ಸಲೀಸಾಗಿ ಹೋದವು. ಜಲ್ಲಿ ಶುರುವಾದ ಮೇಲೆ ಪೆಗ್ ಮೇಲೆ ಎದ್ದು ನಿಂತು ಓಡಿಸಿದೆವು. ಚೀಲ ತೀರಾ ಮುಂದಿದ್ದಿದ್ದರೆ ಮೀನಖಂಡಕ್ಕೆ ಒತ್ತುತ್ತಿತ್ತು. ಭಾರ ಮುಂದಿರಬೇಕು, ಕಾಲಿಗೂ ಜಾಗ ಬೇಕು. ನಡುವಿನ ಆ ನಾಲ್ಕು ಬೆರಳ ಜಾಗ ಹುಡುಕುವುದು ಬೈಕಿಗೂ ಸವಾರನಿಗೂ ತಕ್ಕಂತೆ ಬದಲಾಗುತ್ತದೆ.

ಶಿಖರಕ್ಕೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಕೆಸರಿನ ಗುಂಡಿಯಲ್ಲಿ ಅಕ್ಕನ ಹಿಂದಿನ ಚಕ್ರ ಜಾರಿ ಬೈಕು ಎಡಕ್ಕೆ ಮಲಗಿತು. ನಡಿಗೆಯ ವೇಗ ಅಷ್ಟೇ. ಅವಳ ಕಾಲು ಚೀಲದ ಕೆಳಗಿತ್ತು. ನಾನು ಓಡಿ ಬರುವಷ್ಟರಲ್ಲಿ ಅವಳೇ ಕಾಲನ್ನು ಹೊರಗೆಳೆದು, "ಏನಾಗಿಲ್ಲ, ಮೊದಲು ಮೇಲಿನ ಚೀಲ ಬಿಚ್ಚು" ಎಂದಳು. ಮೇಲಿನ ಭಾರ ಇಳಿದರೆ ಬೈಕ್ ಎತ್ತುವುದು ಅರ್ಧ ಸುಲಭ. ಕಲ್ಲಿಗೆ ಉಜ್ಜಿದ ಕಡೆ ಬಟ್ಟೆ ಬೆಳ್ಳಗಾಗಿತ್ತು, ಹರಿದಿರಲಿಲ್ಲ. ಅದು 1,000 ಡೆನಿಯರ್ ನೂಲಿನದು. ಅಂದರೆ ಅದರ 9,000 ಮೀಟರ್ ನೂಲು ಒಂದು ಕಿಲೋ ತೂಗುತ್ತದೆ. ಅಂಥ ದಪ್ಪ ನೂಲಿನ ಬಟ್ಟೆಗೆ ಯಾಕೆ ದುಡ್ಡು ಹೆಚ್ಚು ಕೊಡಬೇಕು ಎಂದು ಕೇಳುವವರಿಗೆ ಆ ಬಿಳಿ ಗೀರು ತೋರಿಸಬೇಕೆನಿಸಿತು.

ಡೇರೆ ಹಾಕುವ ಹೊತ್ತಿಗೆ ಸರಿಯಾಗಿ ಮಳೆ. ಡೇರೆಯನ್ನು ಎಲ್ಲದರ ಹೊರಗೆ, ಬೇರೆಯದೇ ಪಟ್ಟಿಯಲ್ಲಿ ಕಟ್ಟಿದ್ದರಿಂದ ಒಂದೂ ಚೀಲ ತೆರೆಯದೆ ಅದನ್ನು ಎಬ್ಬಿಸಿದೆವು. ಆಮೇಲೆ ಚೀಲಗಳೇ ಒಳಗೆ ಬಂದವು. ಡ್ರೈ ಬ್ಯಾಗಿನ ಬಾಯನ್ನು ಕಡಿಮೆಯೆಂದರೆ ಮೂರು ಸುತ್ತು ಬಿಗಿಯಾಗಿ ಮಡಚಿರಬೇಕು. ತುಂಬ ತುರುಕಿದ ಚೀಲಕ್ಕೆ ಆ ಮೂರು ಸುತ್ತು ಬರುವುದೇ ಇಲ್ಲ, ನೀರು ನುಗ್ಗುವುದು ಹಾಗೆ. ನಮ್ಮ ಸ್ಲೀಪಿಂಗ್ ಬ್ಯಾಗ್ ಬೆಚ್ಚಗೆ, ಒಣಗಿ ಹೊರಬಂತು. ಆ ರಾತ್ರಿ ನನಗೆ ಅದಕ್ಕಿಂತ ದೊಡ್ಡ ಸುಖ ಬೇಕಿರಲಿಲ್ಲ.

ಬೆಳಗ್ಗೆ ಒದ್ದೆ ಡೇರೆಯ ತೂಕ ಹೆಚ್ಚಿತ್ತು, ಅದನ್ನು ಒಣ ಬಟ್ಟೆಯ ಜೊತೆ ಸೇರಿಸದೆ ಮತ್ತೆ ಹೊರಗೇ ಕಟ್ಟಿದೆವು. ಟೈಲ್ ಲೈಟೂ ನಂಬರ್ ಪ್ಲೇಟೂ ಮರೆಯಾಗಿಲ್ಲವೆಂದು ಒಬ್ಬರದನ್ನು ಇನ್ನೊಬ್ಬರು ಹಿಂದೆ ನಿಂತು ನೋಡಿದೆವು. ಹಳ್ಳದಲ್ಲಿ ನೀರು ಚೀಲದ ತಳ ಮುಟ್ಟಿತು. ಒಳಗೆ ಹನಿಯೂ ಇಳಿಯಲಿಲ್ಲ.

ಮನೆಗೆ ಬಂದು ಚೀಲ ಕಳಚಿದಾಗ ಪಕ್ಕದ ಪ್ಯಾನೆಲ್ ಮೇಲೆ ಧೂಳು ಸೇರಿ ಉಜ್ಜಿದ ಮಸುಕು ಗುರುತು ಕಂಡಿತು. ಬಟ್ಟೆ ಮೆತ್ತಗಿದ್ದರೂ ನಡುವೆ ಸಿಕ್ಕ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಕ್ಕ ಆ ಜಾಗವನ್ನು ತೊಳೆದು ಒರೆಸಿ, ಪಾರದರ್ಶಕ ರಕ್ಷಣಾ ಫಿಲ್ಮ್ ಕತ್ತರಿಸಿ ಅಂಟಿಸುತ್ತಿದ್ದಾಳೆ. ನಾನು ಬಕಲ್‌ಗಳ ಹಲ್ಲಿಗೆ ಸಿಕ್ಕಿದ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯುತ್ತಿದ್ದೇನೆ. ಮರಳು ಉಳಿದರೆ ಮುಂದಿನ ಸಲ ಪಟ್ಟಿ ಜಾರುತ್ತದೆ.