ದೋಸೆ ಹಿಟ್ಟಿನ ಪಕ್ಕದ ಡಬ್ಬಿ

12 ಅಕ್ಟೋಬರ್ 2025, ಭಾನುವಾರ

ಫ್ರಿಜ್ಜಲ್ಲಿ ದೋಸೆ ಹಿಟ್ಟಿನ ಪಕ್ಕ ಹಾವಿನ ಹೇಲು ಇದೆ ಅಂತ ಅಮ್ಮನಿಗೆ ಇವತ್ತು ಗೊತ್ತಾಯಿತು. ಮೂರು ಕವರು ಸುತ್ತಿಟ್ಟಿದ್ದೆ. ಆದರೂ ಅಮ್ಮ ಅಮ್ಮನೇ.

"ಯಾರದ್ದೇ ಇದು?"

ಜೋಳದ್ದು ಅಂದೆ. ನಾವು ಸಾಕಿರುವ ಕಾರ್ನ್ ಸ್ನೇಕ್ ಹಾವಿಗೆ ಮಗ ಇಟ್ಟ ಹೆಸರು. ಇಂಥದ್ದಕ್ಕೆ ಮಾತ್ರ ಅವನಿಗೆ ಕನ್ನಡ ಬರುತ್ತದೆ.

ಎರಡು ವಾರದಿಂದ ನೀರುನೀರು, ಎಂದೂ ಇಲ್ಲದ ನಾತ. ಮೊದಲ ಸ್ಯಾಂಪಲ್‌ನಲ್ಲಿ ಪಿನ್‌ವರ್ಮ್ ಅನ್ನೋ ಕರುಳಿನ ಹುಳದ ಮೊಟ್ಟೆ ಕಂಡಿದೆ ಅಂದರು ಡಾಕ್ಟರು. ಹಾಗಾದರೆ ಔಷಧಿ ಕೊಡಿ ಅಂದೆ. ಅವಸರ ಬೇಡ, ಇವು ಹಾವಿನವೋ ಅದು ನುಂಗಿದ ಇಲಿಯವೋ ನೋಡೋಣ ಅಂದರು. ಇಲಿಯ ಹುಳದ ಮೊಟ್ಟೆ ಹಾವಿನ ಹೊಟ್ಟೆಯಲ್ಲಿ ಸುಮ್ನೆ ಹಾದು ಆಚೆ ಬರುತ್ತದಂತೆ, ಹಾವಿಗೆ ಏನೂ ಆಗುವುದಿಲ್ಲ. ನಾವು ಹಾಕುವುದು ಫ್ರೀಜ್ ಮಾಡಿದ ಇಲಿಯಲ್ವಾ ಅಂದರೆ, ಸತ್ತ ಮೊಟ್ಟೆಯೂ ಮೈಕ್ರೋಸ್ಕೋಪಲ್ಲಿ ಮೊಟ್ಟೆಯಂತೇ ಕಾಣುತ್ತದೆ ಅಂದರು. ಅದಕ್ಕೇ ಈ ಎರಡನೇ ಡಬ್ಬಿ, ನಾಳೆ ಬೆಳಿಗ್ಗೆ ಕೊಡಬೇಕು.

ಹೊರಡುವಾಗ ಇನ್ನೊಂದು ಕೇಳಿದ್ದರು. ತಿಂದಿದ್ದನ್ನು ಕಕ್ಕಿದೆಯಾ, ಮೈ ನಡುವೆ ಊದಿದೆಯಾ ಅಂತ. ಇಲ್ಲ ಅಂದೆ. ಯಾಕೆ ಕೇಳಿದರು ಅಂತ ರಾತ್ರಿ ಓದಿದೆ, ಓದಬಾರದಿತ್ತು. ಕ್ರಿಪ್ಟೋಸ್ಪೋರಿಡಿಯಮ್ ಅಂತ, ಹಾವಿನ ಹೊಟ್ಟೆಯಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಪರಾವಲಂಬಿ. ಜಠರದ ಗೋಡೆ ದಪ್ಪವಾಗುತ್ತಾ ಹೋಗುತ್ತದೆ, ನೆಚ್ಚಿಕೊಳ್ಳುವಂಥ ಔಷಧಿ ಇಲ್ಲ, ಹಾವಿರುವ ಟ್ಯಾಂಕಿಗೆ ಬ್ಲೀಚ್ ಹಾಕಿ ತೊಳೆದರೂ ಜಗ್ಗುವುದಿಲ್ಲ. ಮಗನಿಗೆ ಹೇಳಿಲ್ಲ.

"ಹಾವಿಗೂ ಜಂತುಹುಳಾನಾ?" ಅಮ್ಮನಿಗೆ ನಗು ತಡೆಯಲಿಲ್ಲ. "ನಿಂಗೆ ಖಾಲಿ ಹೊಟ್ಟೆಗೆ ಹರಳೆಣ್ಣೆ ಕುಡಿಸ್ತಿದ್ದೆ. ಡಾಕ್ಟ್ರ ಹತ್ರ ಓಡ್ತಿದ್ನಾ?"

ಮೂಗು ಹಿಡಿದು ಕುಡಿಸುತ್ತಿದ್ದಳು. ಆಮೇಲೆ ಇಡೀ ದಿನ ಬಚ್ಚಲ ಮನೆ ಹಿಂದೆಯೇ. ಇದಕ್ಕೂ ಒಂದು ಚಮಚ ಹಾಕು ಅಂತಾಳೇನೋ ಅಂತ ಮೊದಲೇ ಹೇಳಿದೆ, ಇದಕ್ಕೆ ತೂಕ ನೋಡಿ ಫೆನ್‌ಬೆಂಡಜೋಲ್ ಅನ್ನೋ ಹುಳದ ಔಷಧಿ ಕೊಡುವುದಮ್ಮ, ಸಿರಿಂಜಲ್ಲಿ ಬಾಯಿಗೆ, ಎರಡು ವಾರ ಬಿಟ್ಟು ಮತ್ತೆ.

"ಎಷ್ಟಿದೆ ತೂಕ?"

340 ಗ್ರಾಂ.

"ಒಂದು ಹೀರೇಕಾಯಿ ತೂಕ ಇಲ್ಲ, ಅದಕ್ಕೆ ಅಷ್ಟು ಡಾಲರಾ!"

ಅಂದವಳು ಸಂಜೆ ನೋಡಿದರೆ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ನಿನ್ನೆಯಿಂದ ಏನೂ ತಿಂದಿಲ್ಲ ಕಣೇ ಪಾಪ, ಅಂತ. ಅದು ತಿನ್ನುವುದೇ ವಾರಕ್ಕೊಂದು ಸಲ ಅಂದರೂ ಎದ್ದು ಬರಲಿಲ್ಲ.

ಈಗ ಹನ್ನೊಂದೂವರೆ. ಪೇಪರ್ ಟವಲ್ ಬದಲಾಯಿಸಲು ಹೋದೆ. ನೀರಿನ ಬಟ್ಟಲ ಹಿಂದೆ ಒಂದು ಒದ್ದೆ ಕಲೆ, ಹೇಲೋ ಕಕ್ಕಿದ್ದೋ ಗೊತ್ತಾಗುತ್ತಿಲ್ಲ, ಟಾರ್ಚ್ ಹಾಕಿದರೆ ಮಗ ಎದ್ದುಬಿಡುತ್ತಾನೆ, ಹಾಗಾಗಿ ಮೊಬೈಲ್ ಬೆಳಕಲ್ಲೇ