ಹನ್ನೆರಡು ದಿನಕ್ಕೊಂದು ಗುರುತು
ಮಡಿಕೇರಿ, 4 ಅಕ್ಟೋಬರ್ 2024, ಶುಕ್ರವಾರ

ಜೂನ್ 1ರಿಂದ ಸೆಪ್ಟೆಂಬರ್ 30, ಒಟ್ಟು 122 ದಿನ. ಮಡಿಕೇರಿ, ಭಾಗಮಂಡಲ, ಪೊನ್ನಂಪೇಟೆಯ ದಿನದ ಮಳೆ ಒಂದೇ ಗ್ರಾಫಿನಲ್ಲಿ, ಪೈಥಾನ್ ಭಾಷೆಯ ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ.

6.4 ಇಂಚಿನ ಮಾಮೂಲಿ ಚಿತ್ರದಲ್ಲಿ ಒಂದು ದಿನಕ್ಕೆ ಸಿಗುವ ಜಾಗ ಸುಮಾರು 2.7 ಪಾಯಿಂಟ್ (72 ಪಾಯಿಂಟ್ ಅಂದರೆ ಒಂದು ಇಂಚು). ಗೆರೆಯ ಮೇಲೆ ಹಾಕುವ ಗುರುತಿನ (ಮಾರ್ಕರ್) ಗಾತ್ರವೋ 6 ಪಾಯಿಂಟ್. ದಿನಕ್ಕೊಂದು ಹಾಕಿದರೆ ಮೆಣಸಿನ ತೆನೆಯ ಹಾಗೆ ಒತ್ತೊತ್ತಾಗಿ ಕೂತು ಗೆರೆಯೇ ಮುಚ್ಚಿಹೋಗುತ್ತದೆ. ಗಾತ್ರ ಇಳಿಸಿದರೆ ವೃತ್ತ ಯಾವುದು, ಚೌಕ ಯಾವುದು ತಿಳಿಯುವುದಿಲ್ಲ. ಇಳಿಸಬೇಕಾದ್ದು ಸಂಖ್ಯೆ. ಮೂರು ಗೆರೆಗೆ, ಗುರುತು ಎಲ್ಲಿಂದ ಶುರು, ಎಷ್ಟು ದಿನಕ್ಕೊಂದು ಎಂದು ಹೇಳುವ 'ಮಾರ್ಕ್‌ಎವ್ರಿ' ಬೆಲೆ ಕ್ರಮವಾಗಿ (0, 12), (4, 12), (8, 12). ಆಗ ಒಂದರ ಗುರುತು ಇನ್ನೊಂದರ ಮೇಲೆ ಬೀಳುವುದಿಲ್ಲ. 0.1ರಂಥ ದಶಾಂಶ ಕೊಡಬಾರದು: ಅದು ದಿನ ಎಣಿಸುವುದಿಲ್ಲ, ಗೆರೆಯ ಉದ್ದ ಅಳೆಯುತ್ತದೆ. ಮಳೆಯ ಗೆರೆ ಏರಿಳಿದಲ್ಲೆಲ್ಲ ಗುರುತು ಗುಂಪುಗೂಡುತ್ತದೆ.

ಇದರಲ್ಲೊಂದು ಮೋಸವಿದೆ. ಮೊದಲ ಗೆರೆಯ ಗುರುತು ಬೀಳುವುದು ಆಗಸ್ಟ್ 12 ಮತ್ತು 24ಕ್ಕೆ. 2018ರಲ್ಲಿ ಗುಡ್ಡ ಕುಸಿದ ಆಗಸ್ಟ್ ಮಧ್ಯದ ಮಳೆ ಅವೆರಡರ ನಡುವೆ ಗುರುತಿಲ್ಲದೆ ನಿಲ್ಲುತ್ತದೆ. ಓದುವವರು ಗುರುತಿದ್ದ ದಿನವಷ್ಟೇ ಅಳೆದದ್ದು ಅಂದುಕೊಳ್ಳುತ್ತಾರೆ. ಜೋಡಿ ಅಂಕಿಯ ಬದಲು ಪಟ್ಟಿಯನ್ನೇ ಕೊಡಬಹುದು: 0, 12, 24 ಹೀಗೆ, ಜೊತೆಗೆ 76. ಎಣಿಕೆ ಸೊನ್ನೆಯಿಂದ, ಹಾಗಾಗಿ 76 ಅಂದರೆ ಆಗಸ್ಟ್ 16. ಅಳತೆಯಿಲ್ಲದ ದಿನಗಳ ಸಾಲು ಅಳಿಸಿದ್ದರೆ ಈ ಲೆಕ್ಕ ಜಾರುತ್ತದೆ. ಖಾಲಿ ಬೆಲೆಯಾಗಿಯೇ ಇರಲಿ.

ಯಾವ ಗೆರೆ ಯಾವ ಊರಿನದು ಎಂದು ಹೇಳುವ ಲೆಜೆಂಡ್‌ನಲ್ಲಿ ಗೆರೆಯ ತುಂಡಿನ ಉದ್ದ 2 ಎಮ್, ಅಂದರೆ 10 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್. ಗೀಟು-ಚುಕ್ಕಿ ಗೆರೆಯ ಒಂದು ಸುತ್ತೇ ಹತ್ತಿರಹತ್ತಿರ 16. ನಡುವೆ ಮಾರ್ಕರ್ ಕೂತರೆ ಚುಕ್ಕಿ ಕಾಣುವುದೇ ಇಲ್ಲ. ಆ ಉದ್ದ ಹೇಳುವ 'ಹ್ಯಾಂಡಲ್‌ಲೆಂತ್' 3.5 ಸಾಕು. ಲೆಜೆಂಡ್‌ಗೆ ಜಾಗ ಹುಡುಕಲು 'ಬೆಸ್ಟ್'ಗೆ ಬಿಟ್ಟರೆ ಒಂದೊಂದು ವರ್ಷದ ಗ್ರಾಫಿನಲ್ಲಿ ಒಂದೊಂದು ಮೂಲೆ. ಸಾಲಾಗಿ ಇಡುವ ಗ್ರಾಫುಗಳಿಗೆ 'ಅಪ್ಪರ್ ರೈಟ್' ಎಂದು ಕಟ್ಟಿಹಾಕುವುದೇ ವಾಸಿ. ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಆ ಗೆರೆ ಲೆಜೆಂಡ್‌ಗೆ ಬರುವುದಿಲ್ಲ.

ಇನ್ನು ಕನ್ನಡ. ಮೊದಲಿಂದ ಇರುವ ಡೆಜಾವು ಫಾಂಟಿನಲ್ಲಿ ಕನ್ನಡವಿಲ್ಲ, ಬರೀ ಡಬ್ಬಿಗಳು. ನೋಟೊ ಸಾನ್ಸ್ ಕನ್ನಡ ಹಾಕಿದರೂ ಹಳೆಯ ಆವೃತ್ತಿಗಳಲ್ಲಿ ಒತ್ತು ಕೂಡುವುದಿಲ್ಲ. ಪೊನ್ನಂಪೇಟೆಯ 'ನ್ನ' ಒಡೆಯುತ್ತದೆ. 'ಎಸ್‌ವಿಜಿ.ಫಾಂಟ್‌ಟೈಪ್' ಅನ್ನು 'ನನ್' (none) ಮಾಡಿ ಎಸ್‌ವಿಜಿಯಾಗಿ (ಅಕ್ಷರವನ್ನು ಅಕ್ಷರವಾಗಿಯೇ ಇಡಬಲ್ಲ ಚಿತ್ರದ ಕಡತ) ಉಳಿಸಿ, ಚಿತ್ರ ತಿದ್ದುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಅಕ್ಷರ ಸರಿಯಾಗಿ ಕೂಡುತ್ತದೆ. ಲೆಜೆಂಡ್ ಡಬ್ಬಿಯ ಅಗಲ ಮಾತ್ರ ಒಡೆದ ಅಕ್ಷರದ ಲೆಕ್ಕದ್ದು. ಚೌಕಟ್ಟು ತೆಗೆದುಬಿಟ್ಟರೆ ಆ ಹೆಚ್ಚುವರಿ ಜಾಗ ಕಣ್ಣಿಗೆ ಬೀಳುವುದಿಲ್ಲ.